ಹಿಂಭಾರದ ಗಾಡಿ



ಅಮೆರಿಕದಲ್ಲಿ ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗುತ್ತಾರಂತೆ, ನೀವು ಹೋದಾಗ ನೋಡಿದಿರಾ ಅಂತ ಒಬ್ಬರು ಪತ್ರ ಬರೆದು ಕೇಳಿದ್ದಾರೆ. ನೋಡುವುದೇನು, ಅದರಲ್ಲೇ ಹನ್ನೆರಡು ದಿನ ಅಡುಗೆ ಮಾಡಿ ಬಂದಿದ್ದೇನೆ. ಜೊತೆಗೆ ಒಂದು ತಪ್ಪನ್ನೂ ಮಾಡಿ ಬಂದಿದ್ದೇನೆ. ಇವತ್ತು ಅದನ್ನೇ ಹೇಳುತ್ತೇನೆ.

ನನ್ನ ತಂಗಿ ಇರುವುದು ಕೊಲೊರಾಡೊದ ಡೆನ್ವರ್‌ನಲ್ಲಿ. 2023ರ ಜೂನ್‌ನಲ್ಲಿ ನಾನೂ ನಮ್ಮನೆಯವರೂ ಹೋಗಿದ್ದೆವು. ಅವಳ ಯಜಮಾನರ ಹತ್ತಿರ 1999ರ ಪಿಕಪ್ ಇದೆ. ಹಿಂದೆ ಸಾಮಾನು ಹಾಕುವ ತೊಟ್ಟಿ ಇರುತ್ತಲ್ಲ, ಅಂಥದ್ದು. ಅದಕ್ಕೆ ಎಳೆಯುವ ಟ್ರೇಲರ್ ಮನೆಯನ್ನೂ ಸೆಕೆಂಡ್ ಹ್ಯಾಂಡ್‌ನಲ್ಲೇ ಕೊಂಡಿದ್ದಾರೆ. ಇಪ್ಪತ್ತು ಅಡಿ ಉದ್ದ. ಮುಂದೆ ಮಂಚ, ನಡುವೆ ಬಚ್ಚಲು, ಹಿಂದುಗಡೆ ಅಡುಗೆಮನೆ. ಎರಡು ಒಲೆಯ ಗ್ಯಾಸ್, ಫ್ರಿಜ್, ಕೈಗೆಟಕುವ ಕಪಾಟು. ನಮ್ಮ ಬಾಡಿಗೆ ಮನೆಯ ಅಡುಗೆಮನೆಗಿಂತ ಚೆನ್ನಾಗಿತ್ತು ಅಂದರೆ ನಮ್ಮ ಮಾಲೀಕರು ಬೇಜಾರು ಮಾಡಿಕೊಳ್ಳಬಾರದು.

"ಆ ಹಳೇ ಗಾಡಿ ಮಾರಿಬಿಡಿ ಅಂದರೆ ಕೇಳೋಲ್ಲ ಅಕ್ಕ" ಅಂತ ತಂಗಿಯ ದೂರು. ಅವರೋ ಮಾತಿಲ್ಲದ ಮನುಷ್ಯ. ಎಳೆಯುವಾಗ ಗೇರ್‌ಬಾಕ್ಸಿನ ಎಣ್ಣೆ ಕಾಯದಿರಲಿ ಅಂತ ಬೇರೆ ಕೂಲರ್ ಹಾಕಿಸಿದ್ದರು. ಟ್ರೇಲರ್ ಬ್ರೇಕಿಗೆ ಸ್ಟಿಯರಿಂಗ್ ಕೆಳಗೆ ಒಂದು ಪುಟ್ಟ ಪೆಟ್ಟಿಗೆ ಕೂರಿಸಿದ್ದರು. ಕೊಂಡಿಯ ಕೆಳಗೆ ಎರಡು ಸರಪಳಿಗಳನ್ನು ಅಡ್ಡಡ್ಡ ಹಾಕುವುದು ನೋಡಿ ಯಾಕೆ ಅಂತ ಕೇಳಿದೆ. "ಕೊಂಡಿ ಕಳಚಿದರೆ ಟ್ರೇಲರ್ ಮೂತಿ ರಸ್ತೆಗೆ ಬಡಿಯದೆ ಸರಪಳಿ ಮೇಲೆ ಕೂರುತ್ತೆ ಅಕ್ಕ, ತೊಟ್ಟಿಲ ಥರ" ಅಂದರು.

ಹೊರಡುವ ಹಿಂದಿನ ದಿನ ನನಗೆ ಹುಮ್ಮಸ್ಸು. ಐದು ಜನ, ಹನ್ನೆರಡು ದಿನ. ಎರಡು ಮೂಟೆ ಅಕ್ಕಿ, ರಾಗಿಹಿಟ್ಟು, ಬೇಳೆ, ಉಪ್ಪಿನಕಾಯಿ ಜಾಡಿ, ಎರಡು ಕುಕ್ಕರ್, ದೋಸೆಹಿಟ್ಟಿಗೆ ಇರಲಿ ಅಂತ ಗ್ರೈಂಡರ್, ಕುಡಿಯುವ ನೀರಿನ ಕ್ಯಾನು, ಎಲ್ಲವನ್ನೂ ಹಿಂದಿನ ಅಡುಗೆಮನೆಗೆ ತುಂಬಿದೆ. ತಂಗಿಯ ಮಗ ತನ್ನ ಸೈಕಲ್ಲನ್ನು ಅದಕ್ಕೂ ಹಿಂದೆ ಹೊರಗೆ ಕಟ್ಟಿದ. ನೀರಿನ ಟ್ಯಾಂಕೂ ಭರ್ತಿ. ಅದೊಂದೇ 150 ಲೀಟರ್ ಹಿಡಿಯುತ್ತೆ, ಅಂದರೆ 150 ಕಿಲೋ. ಅದೂ ಇದ್ದದ್ದು ಚಕ್ರದ ಹಿಂದುಗಡೆಯೇ.

ಡೆನ್ವರ್‌ನಿಂದ ಪಶ್ಚಿಮಕ್ಕೆ ಐ-70 ಅನ್ನುವ ಹೆದ್ದಾರಿ. ಸುಮಾರು 95 ಕಿ.ಮೀ. ಹೋದರೆ ಐಸೆನ್‌ಹೋವರ್ ಸುರಂಗ. 1973ರಲ್ಲಿ ತೆರೆದದ್ದು. ಸಮುದ್ರಮಟ್ಟದಿಂದ 3,400 ಮೀಟರ್ ಎತ್ತರ. ಅಷ್ಟು ಮೇಲೆ ಗಾಳಿ ತೆಳು, ನಮಗೂ ಉಬ್ಬಸ, ಎಂಜಿನ್ನಿಗೂ ಉಬ್ಬಸ. ಲಾರಿಗಳ ಸಾಲಿನಲ್ಲಿ ನಿಧಾನಕ್ಕೆ ಹತ್ತಿದೆವು.

ಸುರಂಗ ದಾಟಿದ ಮೇಲೆ ಸಿಲ್ವರ್‌ಥಾರ್ನ್ ಊರಿನ ತನಕ ಒಂದೇ ಇಳಿಜಾರು. ಬ್ರೇಕ್ ಹೋದ ಲಾರಿಗಳು ನುಗ್ಗಿ ನಿಲ್ಲಲಿ ಅಂತ ಪಕ್ಕದಲ್ಲಿ ಜಲ್ಲಿ ಸುರಿದ ಏರುದಾರಿ ಬೇರೆ ಮಾಡಿದ್ದಾರೆ. ಅದನ್ನು ನೋಡಿಯೇ ನನ್ನ ಕೈಕಾಲು ತಣ್ಣಗಾಗಿತ್ತು. ಅವರು ಗೇರ್ ಇಳಿಸಿ ನಿಧಾನವಾಗಿಯೇ ಬಿಡುತ್ತಿದ್ದರು. ಅಷ್ಟರಲ್ಲಿ ಒಂದು ದೊಡ್ಡ ಬಸ್ಸು ಪಕ್ಕದಲ್ಲಿ ಭರ್ ಅಂತ ದಾಟಿತು ನೋಡಿ, ಹಿಂದಿನ ಮನೆ ಅಲ್ಲಾಡಿತು. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ, ಪ್ರತಿ ಸಲವೂ ಮೊದಲಿಗಿಂತ ಜೋರಾಗಿ. ಹಸು ಬಾಲ ಬೀಸಿದ ಹಾಗೆ. ಬಾಲ ಬೀಸಿದ ಕಡೆಗೆ ಪಿಕಪ್ಪಿನ ಬೆನ್ನೂ ಎಳೆದುಕೊಂಡು ಹೋಗುತ್ತಿತ್ತು.

"ಬ್ರೇಕ್ ಹಾಕ್ರೀ!" ಅಂತ ತಂಗಿ ಕೂಗಿಕೊಂಡಳು. ಅವರು ಹಾಕಲಿಲ್ಲ. ಸ್ಟಿಯರಿಂಗ್ ನೆಟ್ಟಗೆ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಆ ಪುಟ್ಟ ಪೆಟ್ಟಿಗೆಯ ಗುಂಡಿಯನ್ನು ಬೆರಳಲ್ಲಿ ಒತ್ತಿದರು. ಟ್ರೇಲರ್ ಬ್ರೇಕ್ ಮಾತ್ರ ಹಿಡಿದು, ಹಿಂದಿನಿಂದ ಯಾರೋ ಜಗ್ಗಿದ ಹಾಗಾಗಿ, ಮನೆ ನೆಟ್ಟಗಾಯಿತು. ಮುಂದಿನ ಗಾಡಿಯ ಬ್ರೇಕ್ ತುಳಿದಿದ್ದರೆ ಹಿಂದಿನದು ಮೇಲೆ ತಳ್ಳಿಕೊಂಡು ಬಂದು ಅಡ್ಡಡ್ಡ ಮಡಚಿಕೊಳ್ಳುತ್ತಿತ್ತಂತೆ. ನಾಲ್ಕಾರು ಸೆಕೆಂಡಿನ ಮಾತು ಅಷ್ಟೆ. ನಮ್ಮನೆಯವರ ಕೈಯಲ್ಲಿದ್ದ ಕಾಫಿ ಎಲ್ಲ ಪಂಚೆಯ ಮೇಲೆ.

ಡಿಲನ್ ಅನ್ನುವ ಕಡೆ ಕೆರೆಯ ದಡದಲ್ಲಿ ನಿಲ್ಲಿಸಿದೆವು. ಗಂಡ ಹೆಂಡತಿ ಮಾತಿಲ್ಲ. "ಮಗೂನ ಕೂರಿಸಿಕೊಂಡು ಈ ಡಕೋಟಾ ಗಾಡೀಲಿ ಇನ್ನು ಒಂದು ಹೆಜ್ಜೆ ಬರೋಲ್ಲ, ಬಸ್ಸಲ್ಲಿ ವಾಪಸ್ ಹೋಗ್ತೀನಿ" ಅಂತ ತಂಗಿ ಒಳಗೆ ಬಂದು ಅತ್ತಳು. ಅವರು ಹೊರಗೆ ಟೈರಿನ ಗಾಳಿ ನೋಡುತ್ತಾ, ಬೋಲ್ಟು ಬಿಗಿ ಮಾಡುತ್ತಾ ಇದ್ದರು. ಎಲ್ಲ ಸರಿಯಾಗಿಯೇ ಇತ್ತು.

ಪಕ್ಕದ ಟ್ರೇಲರಿನ ಅಜ್ಜಿ, ಎಪ್ಪತ್ತು ದಾಟಿರಬೇಕು, ಒಂದು ತಕ್ಕಡಿ ತಂದು ಕೊಂಡಿಯ ಕೆಳಗಿಟ್ಟು ತೂಗಿಸಿದರು. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಕೂರಬೇಕಂತೆ. ನಮ್ಮ ಮನೆ ತುಂಬಿದಾಗ ಸುಮಾರು 2,300 ಕಿಲೋ. ಅಂದರೆ ಕಡಿಮೆ ಅಂದರೂ 230 ಕೂರಬೇಕು. ತಕ್ಕಡಿ ತೋರಿಸಿದ್ದು 120.

ಆಗ ನನಗೆ ನಮ್ಮಪ್ಪ ನೆನಪಾದರು ಕಣ್ರೀ. ಎತ್ತಿನಗಾಡಿಗೆ ತೆಂಗಿನಕಾಯಿ ಹೇರುವಾಗ "ಹಿಂಭಾರ ಮಾಡಬೇಡ್ರೋ" ಅಂತ ಕೂಗುತ್ತಿದ್ದರು. ಹಿಂಭಾರವಾದರೆ ಮೂಕಿ ಮೇಲೇಳುತ್ತೆ, ನೊಗ ಎದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತೆ. ಮುಂಭಾರ ಜಾಸ್ತಿಯಾದರೆ ಎತ್ತಿನ ಕತ್ತು ಕುಸಿಯುತ್ತೆ. ಸ್ವಲ್ಪವೇ ಮುಂಭಾರ ಇರಬೇಕು. ಆ ಗಾಡಿಯ ಮೇಲೆ ಕೂತು ಬೆಳೆದವಳು ನಾನು. ಮನೆಯ ಬಾಲಕ್ಕೆ ಅಕ್ಕಿ, ಗ್ರೈಂಡರ್ ಕಟ್ಟಿದವಳೂ ನಾನೇ.

ಹೇಳದೆ ಇದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಹಳೇ ಗಾಡಿಯ ತಲೆಗೆ ಹೋಗುತ್ತಿತ್ತು. ಒಳಗೆ ಹೋಗಿ ತಂಗಿಗೆ ಹೇಳಿದೆ. ಅವಳು ಕಣ್ಣೊರೆಸಿಕೊಂಡು "ಗ್ರೈಂಡರ್ ಬೇಡ ಅಂದಿದ್ದೆ ತಾನೆ ಅಕ್ಕ" ಅಂದಳು. ಹೊರಗೆ ಹೋಗಿ ಅವರಿಗೂ ಹೇಳಿದೆ. "ಹೊರಡೋ ಮುಂಚೆ ನಾನು ತೂಗಿಸಿ ನೋಡಬೇಕಿತ್ತು ಅಕ್ಕ" ಅಂದರು, ಅಷ್ಟೆ.

ಸಾಮಾನನ್ನೆಲ್ಲ ಮುಂದಿನ ಮಂಚದ ಕೆಳಗೆ ಸಾಗಿಸಿ, ಟ್ಯಾಂಕಿನ ನೀರು ಖಾಲಿ ಮಾಡಿ, ಸೈಕಲ್ಲನ್ನು ಪಿಕಪ್ಪಿನ ತೊಟ್ಟಿಗೆ ಹಾಕಿ ಮತ್ತೆ ತೂಗಿದಾಗ 250 ಬಂತು. ಹಾಗಂತ ಎಲ್ಲವನ್ನೂ ಮುಂದಕ್ಕೇ ತುಂಬುವ ಹಾಗಿಲ್ಲ. ಕೊಂಡಿಯ ಭಾರ, ಒಳಗೆ ಕೂತ ನಾವು, ತೊಟ್ಟಿಯ ಸಾಮಾನು ಎಲ್ಲ ಸೇರಿ ಪಿಕಪ್ಪಿನ ಲೆಕ್ಕಕ್ಕೇ ಬರುತ್ತೆ. ಗಾಡಿ ಎಷ್ಟು ತಾಳುತ್ತೆ ಅಂತ ಡ್ರೈವರ್ ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಿರುತ್ತೆ.

ಅವತ್ತು ರಾತ್ರಿ ಅನ್ನವೂ ನೆಟ್ಟಗಾಗಲಿಲ್ಲ. ಆ ಎತ್ತರದಲ್ಲಿ ನೀರು 91 ಡಿಗ್ರಿಗೇ ಕುದಿಯುತ್ತೆ, ಬರೀ ಪಾತ್ರೆಯಲ್ಲಿಟ್ಟರೆ ಅಕ್ಕಿ ಕಾಳುಕಾಳು. ಕುಕ್ಕರ್ ಮಂಚದ ಕೆಳಗೆ ಎಲ್ಲೋ ಸಿಕ್ಕಿಕೊಂಡಿತ್ತು. ಅಲ್ಲಿಂದ ಮೋಆಬ್‌ಗೆ ಹೋಗಿ ಬಂದೆವು, ಎಷ್ಟು ಲಾರಿ ದಾಟಿದರೂ ಮನೆ ಅಲುಗಲಿಲ್ಲ. ತಂಗಿ ಬಸ್ಸಿನ ಮಾತು ಎತ್ತಲಿಲ್ಲ.

ಪ್ರಯಾಣಕ್ಕೆ ಹಗುರವಾದ ಗೊಜ್ಜವಲಕ್ಕಿ ಹೇಳುತ್ತೇನೆ, ಬರೆದುಕೊಳ್ಳಿ. ಎರಡು ಲೋಟ ಗಟ್ಟಿ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ ಡಬ್ಬಕ್ಕೆ ಹಾಕಿ. ಗಟ್ಟಿ ಹುಣಿಸೆರಸಕ್ಕೆ ಬೆಲ್ಲ, ಉಪ್ಪು, ಎರಡು ಚಮಚ ಸಾರಿನಪುಡಿ ಹಾಕಿ ಕುದಿಸಿ, ಆರಿಸಿ ಬಾಟಲಿಗೆ ತುಂಬಿ. ಬೇಕಾದಾಗ ಗೊಜ್ಜಿಗೆ ನೀರು ಬೆರೆಸಿ ಅವಲಕ್ಕಿ ನೆನೆಹಾಕಿ, ಇಪ್ಪತ್ತು ನಿಮಿಷದ ಮೇಲೆ ಕಡಲೆಕಾಯಿ ಬೀಜದ ಒಗ್ಗರಣೆ ಕೊಡಿ. ಒಣಕೊಬ್ಬರಿ ಇದ್ದರೆ ತುರಿದು ಹಾಕಿ.