ಕೊಳವೆಬಾವಿಗೆ ಎಣ್ಣೆ ಇಳಿಯುವ ಮುನ್ನ

2013ರಲ್ಲಿ ಚೆನ್ನೈನ ತೊಂಡಿಯಾರ್‌ಪೇಟೆಯ ಮನೆಗಳ ಕೊಳವೆಬಾವಿಗಳಲ್ಲಿ ನೀರಿನೊಂದಿಗೆ ಇಂಧನವೂ ಮೇಲೆ ಬಂತು. ಬಂದರಿನಿಂದ ತೈಲ ಸಂಗ್ರಹಾಗಾರಕ್ಕೆ ಸಾಗುವ ನೆಲದಡಿಯ ಕೊಳವೆ ಸೋರಿತ್ತು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಆದರೆ ಅಲ್ಲಿನ ಗೃಹಿಣಿಗೆ ಸೋರಿಕೆಯ ಸುದ್ದಿ ತಲುಪಿದ್ದು ಅವಳದೇ ಕೊಡದ ವಾಸನೆಯಿಂದ. ಅಷ್ಟರಲ್ಲಿ ಎಣ್ಣೆ ಮಣ್ಣಿನಾಳಕ್ಕೆ ಇಳಿದಾಗಿತ್ತು.

ಚೆನ್ನೈನ ಮಾತನ್ನು ನಾವು ಇಲ್ಲಿ ಎತ್ತುತ್ತಿರುವುದು ಚಾಮರಾಜನಗರ ಜಿಲ್ಲೆಯನ್ನು ಮುಂದಿಟ್ಟುಕೊಂಡು. ಬದನಗುಪ್ಪೆ-ಕೆಲ್ಲಂಬಳ್ಳಿಯಲ್ಲಿ ಸಾವಿರಕ್ಕೂ ಹೆಚ್ಚು ಎಕರೆಯ ಕೈಗಾರಿಕಾ ಪ್ರದೇಶವಿದೆ. ಕರಿಕಲ್ಲಿನ ಕ್ವಾರಿಗಳಲ್ಲಿ ಡೀಸೆಲ್ ಯಂತ್ರಗಳು ದುಡಿಯುತ್ತವೆ. ಗುಂಡ್ಲುಪೇಟೆಯಂತೂ ಊಟಿ ಮತ್ತು ವಯನಾಡಿನ ದಾರಿಗಳು ಕವಲೊಡೆಯುವ ಪಟ್ಟಣ. 2009ರಲ್ಲಿ ಬಂಡೀಪುರದೊಳಗೆ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿಷೇಧವಾದ ಮೇಲೆ ಲಾರಿಗಳಿಗೆ ಇದು ತಂಗುದಾಣವೂ ಆಯಿತು. ಬಂಕು, ಗ್ಯಾರೇಜು, ಸರ್ವಿಸ್ ಸ್ಟೇಷನ್‌ಗಳಿಂದ ನೂರಾರು ಕುಟುಂಬಗಳ ಒಲೆ ಉರಿಯುತ್ತಿದೆ. ಉದ್ಯಮ ಬೇಡ ಎನ್ನುವುದು ನಮ್ಮ ವಾದವಲ್ಲ. ಹಿಂದುಳಿದ ಜಿಲ್ಲೆಯ ಯುವಕರು ಕೆಲಸ ಹುಡುಕಿ ತಿರುಪ್ಪೂರಿಗೋ ಬೆಂಗಳೂರಿಗೋ ಹೋಗುವುದು ನಿಲ್ಲಬೇಕೆಂಬ ಆಸೆ ನಮಗೂ ಇದೆ. ನೆಲದ ಮೇಲಿನ ಉದ್ಯಮವನ್ನು ಲೆಕ್ಕವಿಡುವ ಸರಕಾರ ನೆಲದಡಿಯ ನೀರಿನ ಲೆಕ್ಕವನ್ನೂ ಇಡುತ್ತಿದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಈ ಪ್ರಶ್ನೆಯ ಗಾಂಭೀರ್ಯ ಅರಿಯಲು ಸಣ್ಣದೊಂದು ಲೆಕ್ಕ ಸಾಕು. ಪೆಟ್ರೋಲಿನಲ್ಲಿ ಬೆಂಝೀನ್ ಎಂಬ ರಾಸಾಯನಿಕವಿದೆ. ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲುದು ಎಂಬುದು ವೈದ್ಯಕೀಯವಾಗಿ ಸ್ಥಾಪಿತ ಸತ್ಯ. ಇಂದಿನ ಭಾರತೀಯ ಮಾನದಂಡದಂತೆ ಪೆಟ್ರೋಲಿನಲ್ಲಿ ಅದರ ಪ್ರಮಾಣ ಶೇ. 1ನ್ನು ಮೀರಬಾರದು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಶೇ. 1 ಬೆಂಝೀನ್ ಇರುವ ಒಂದೇ ಒಂದು ಲೀಟರ್ ಪೆಟ್ರೋಲು ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಆ ಮಿತಿಗೆ ತಲುಪಿಸಬಲ್ಲುದು! ಬಂಕಿನ ತೊಟ್ಟಿಯಲ್ಲಿ ಇರುವುದು ಸಾವಿರಾರು ಲೀಟರು.

ಎಣ್ಣೆ ನೀರಿಗಿಂತ ಹಗುರ, ಅಂತರ್ಜಲದ ಮೇಲೆ ತೇಲುತ್ತದೆ. ಅದರೊಳಗಿನ ಬೆಂಝೀನ್ ಮಾತ್ರ ನೀರಿನಲ್ಲಿ ಕರಗಿ ದೂರ ಸಾಗುತ್ತದೆ. ನಮ್ಮದು ಬಂಡೆಯ ನಾಡು. ಇಲ್ಲಿ ನೀರು ಹರಿಯುವುದು ಕಲ್ಲಿನ ಬಿರುಕುಗಳಲ್ಲಿ, ಆ ಬಿರುಕು ಯಾರ ಹೊಲದತ್ತ ಹೋಗಿದೆಯೆಂದು ಮೇಲಿನಿಂದ ಕಾಣದು. ಕೊಳವೆಬಾವಿಗೆ ಕೇಸಿಂಗ್ ಪೈಪು ಇಳಿಯುವುದು ಸಾಮಾನ್ಯವಾಗಿ ಮೇಲಿನ ಸಡಿಲ ಮಣ್ಣಿನ ಭಾಗಕ್ಕೆ ಮಾತ್ರ. ಸುತ್ತಲಿನವರು ಪಂಪು ಹಾಕಿದಷ್ಟೂ ನೀರು ಆ ಕಡೆಗೆ ಸೆಳೆಯಲ್ಪಡುತ್ತದೆ, ನೀರಿನೊಂದಿಗೆ ಮಾಲಿನ್ಯವೂ. ಗುಂಡ್ಲುಪೇಟೆ ತಾಲೂಕನ್ನು ಕೇಂದ್ರ ಅಂತರ್ಜಲ ಮಂಡಳಿ ಅತಿಬಳಕೆಯ ಪಟ್ಟಿಗೆ ಸೇರಿಸಿರುವುದನ್ನು ಇಲ್ಲಿ ನೆನಪಿಸಬೇಕು.

“ನೀರು ಪರೀಕ್ಷೆ ಮಾಡಿಸಿದ್ದೇವೆ, ಸರಿಯಾಗಿದೆ” ಎಂಬ ಉತ್ತರ ಬರಬಹುದು. ಯಾವ ಪರೀಕ್ಷೆ? ಗ್ರಾಮ ಪಂಚಾಯತ್‌ಗಳಿಗೆ ಕೊಟ್ಟಿರುವ ಪೆಟ್ಟಿಗೆಯಲ್ಲಿ ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಗಡಸುತನ ತಿಳಿಯುತ್ತದೆ, ಬೆಂಝೀನ್ ತಿಳಿಯುವುದಿಲ್ಲ. ಅದಕ್ಕೆ ಪ್ರಯೋಗಾಲಯದ ವಿಶೇಷ ಯಂತ್ರ ಬೇಕು. ಮಾದರಿ ತೆಗೆಯುವಾಗಲೂ ಬಾಟಲಿಯನ್ನು ಗಾಳಿಗೆ ಎಡೆಯಿಲ್ಲದಂತೆ ತುಂಬಿ, ತಂಪಾಗಿಟ್ಟು ಬೇಗ ತಲುಪಿಸಬೇಕು. ಹಳೆಯ ಮಿನರಲ್ ವಾಟರ್ ಬಾಟಲಿಯಲ್ಲಿ ಅರ್ಧ ತುಂಬಿಸಿ ಬಿಸಿಲಲ್ಲಿ ಒಯ್ದರೆ ಬೆಂಝೀನ್ ಹಾರಿಹೋಗುತ್ತದೆ, ವರದಿ ಮಾತ್ರ ಶುದ್ಧವಾಗಿ ಬರುತ್ತದೆ.

2020ರ ಜನವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಹೊಸ ಬಂಕುಗಳು ಶಾಲೆ, ಆಸ್ಪತ್ರೆ, ವಸತಿಗಳಿಂದ 50 ಮೀಟರ್ ದೂರವಿರಬೇಕೆಂದಿತು. ಹಳೆಯವುಗಳ ಸುತ್ತಲಿನ ಮನೆಗಳ ಬಾವಿಗಳನ್ನು ಯಾರು ನೋಡಬೇಕು?

ಬೆರಳನ್ನು ಇತರರತ್ತ ತೋರುವಾಗ ನಮ್ಮ ಅಂಗಳವನ್ನೂ ನೋಡೋಣ. ನಮ್ಮ ಸಮುದಾಯದ ಬಹಳಷ್ಟು ಯುವಕರು ಮೆಕ್ಯಾನಿಕ್‌ಗಳು, ಚಾಲಕರು. ಎಂಜಿನ್ನಿನಿಂದ ಇಳಿಸಿದ ಹಳೆ ಆಯಿಲನ್ನು ಚರಂಡಿಗೆ ಸುರಿಯುವುದು, ಡೀಸೆಲಿನಲ್ಲಿ ಬಿಡಿಭಾಗ ತೊಳೆದು ನೆಲಕ್ಕೆ ಚೆಲ್ಲುವುದು ನಮ್ಮ ಗ್ಯಾರೇಜುಗಳಲ್ಲೂ ನಡೆಯುತ್ತದೆ. ಹಳೆ ಆಯಿಲು 2016ರ ನಿಯಮದಂತೆ ಅಪಾಯಕಾರಿ ತ್ಯಾಜ್ಯ. ಅದೇ ಬೀದಿಯ ಮಸೀದಿಯ ಕೊಳವೆಬಾವಿಯಲ್ಲಿ ನಾವು ವುಝೂ ಮಾಡುತ್ತೇವೆ, ಅದೇ ನೀರನ್ನು ನಮ್ಮ ಮಕ್ಕಳು ಕುಡಿಯುತ್ತಾರೆ. ಜಮಾಅತ್‌ಗಳು ಗ್ಯಾರೇಜು ಮಾಲಕರನ್ನು ಒಮ್ಮೆ ಕೂರಿಸಿ, ಡ್ರಮ್ಮಿನಲ್ಲಿ ಸಂಗ್ರಹಿಸಿ ಪರವಾನಗಿ ಇರುವ ಸಂಸ್ಕರಣಾ ಘಟಕಗಳಿಗೇ ಕೊಡುವ ಏರ್ಪಾಡು ಮಾಡುವುದು ಕಷ್ಟದ ಕೆಲಸವೇನಲ್ಲ.

ಜಿಲ್ಲಾಡಳಿತದ ಮುಂದೆ ನಮ್ಮ ಬೇಡಿಕೆ ಸ್ಪಷ್ಟ. ಬದನಗುಪ್ಪೆಯಲ್ಲಿ ಇಂಧನ ಸಂಗ್ರಹಿಸುವ ಪ್ರತಿ ಘಟಕವೂ ಅಂತರ್ಜಲ ಬರುವ ದಿಕ್ಕಿನಲ್ಲಿ ಒಂದು, ಹೋಗುವ ದಿಕ್ಕಿನಲ್ಲಿ ಎರಡು ಮೂರು ವೀಕ್ಷಣಾ ಬಾವಿಗಳನ್ನು ಸ್ವಂತ ಖರ್ಚಿನಲ್ಲಿ ಕೊರೆಯಬೇಕು. ಹೊಸ ಘಟಕಗಳು ಕೆಲಸ ಆರಂಭಿಸುವ ಮೊದಲೇ ನೀರಿನ ಸ್ಥಿತಿ ದಾಖಲಾಗಬೇಕು. ಇಲ್ಲವಾದರೆ ನಾಳೆ “ನಾವು ಬರುವ ಮೊದಲೇ ನೀರು ಕೆಟ್ಟಿತ್ತು” ಎಂಬ ವಾದಕ್ಕೆ ರೈತನ ಬಳಿ ಉತ್ತರವಿರದು. ಮಳೆಗಾಲದ ಮುಂಚೆ ಮತ್ತು ಅನಂತರ, ವರ್ಷಕ್ಕೆ ಎರಡು ಬಾರಿಯಾದರೂ ಪರೀಕ್ಷೆ ನಡೆಯಲಿ. ಮಾದರಿಯನ್ನು ಕಾರ್ಖಾನೆಯ ನೌಕರ ತೆಗೆಯುವುದು ಬೇಡ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಬ್ಬಂದಿ ಗ್ರಾಮಸ್ಥರ ಎದುರಲ್ಲಿ ತೆಗೆಯಲಿ. ಫಲಿತಾಂಶ ಕಡತದಲ್ಲಿ ಮಲಗದೆ, ಕನ್ನಡದಲ್ಲಿ, ಪಂಚಾಯತ್ ಕಚೇರಿಯ ಗೋಡೆಯ ಮೇಲೆ ಬರಲಿ. ಗುಂಡ್ಲುಪೇಟೆಯ ಹೆದ್ದಾರಿ ಬದಿಯ ಬಂಕುಗಳ ಸುತ್ತಲಿನ ಕೊಳವೆಬಾವಿಗಳಿಂದಲೇ ಈ ಕೆಲಸ ಶುರುವಾಗಬಹುದು. ಅದಕ್ಕೆ ಹೊಸ ಬಾವಿಯನ್ನೂ ಕೊರೆಯಬೇಕಾಗಿಲ್ಲ.