ಹಚ್ಚೆ ಯಾರದು, ತೋಳು ಯಾರದು?



ಈ ಸಲ ಸಂಪಾದಕೀಯ ಬರೆಯಲು ಕೂತಾಗ ನನಗೆ ಮೊದಲು ನೆನಪಾದದ್ದು ನಮ್ಮಜ್ಜಿಯ ತೋಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹಸಿರು ಹಚ್ಚೆ. ಒಂದು ತೊಟ್ಟಿಲು, ಒಂದು ಚೇಳು, ಒಂದು ತುಳಸಿಕಟ್ಟೆ, ಸುತ್ತಲೂ ರಂಗೋಲಿಯ ಚುಕ್ಕಿಗಳು. ಗಲ್ಲದ ಮೇಲೆ ಮೂರು ಚುಕ್ಕಿ. ನಾವು ಮೊಮ್ಮಕ್ಕಳು ಅವಳ ತೊಡೆಯ ಮೇಲೆ ಮಲಗಿ ಚೇಳಿನ ಕೊಂಡಿ ಮುಟ್ಟುತ್ತಿದ್ದೆವು. ಕಚ್ಚಿತು ಎಂದು ಕಿರುಚಿ ನಗುತ್ತಿದ್ದೆವು.

ನಿಮ್ಮಲ್ಲೂ ಅನೇಕರ ಅಜ್ಜಿ, ಅವ್ವ, ಅತ್ತೆಯರ ಮೈಮೇಲೆ ಹಚ್ಚೆ ಇದ್ದೇ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಕೊರವರ ಹೆಂಗಸು ಊರಿಗೆ ಬರುತ್ತಿದ್ದಳು. ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ, ಕೆಲವು ಕಡೆ ಬಾಣಂತಿಯ ಎದೆಹಾಲಿನಲ್ಲಿ ಕಲಸಿ, ಸೂಜಿಗಳನ್ನು ಒಟ್ಟಿಗೆ ಕಟ್ಟಿ ಚುಚ್ಚುತ್ತಿದ್ದಳು. ನೋವು ಮರೆಯಲಿ ಎಂದು ಹಾಡು ಹೇಳುತ್ತಿದ್ದಳು. ಆಮೇಲೆ ಅರಿಶಿನ ಮೆತ್ತುತ್ತಿದ್ದಳು. ಅವಳ ಕೂಲಿ ಒಂದು ಮೊರ ರಾಗಿ, ಒಂದು ಹಳೇ ಸೀರೆ. ಚಿನ್ನ ಕೊಡಲಾಗದ ಬಡ ತಾಯಿ ಮಗಳಿಗೆ ಕೊಡುತ್ತಿದ್ದ ಒಡವೆ ಅದು.

"ಸತ್ತಾಗ ಸರ ಬಿಚ್ಕೋತಾರೆ, ಓಲೆ ಬಿಚ್ಕೋತಾರೆ. ಹಚ್ಚೆ ಒಂದೇ ನನ್ ಜೊತೇಲಿ ಬರೋದು ಕಣವ್ವ" ಎಂದು ಅಜ್ಜಿ ಹೇಳುತ್ತಿದ್ದಳು. ಮಧ್ಯ ಭಾರತದ ಬೈಗಾ ಬುಡಕಟ್ಟಿನ ಹೆಂಗಸರೂ ಇದೇ ಮಾತು ಹೇಳುತ್ತಾರೆ. ಎಷ್ಟು ದೂರದ ಊರುಗಳ ಹೆಂಗಸರಿಗೆ ಒಂದೇ ಮಾತು ಏಕೆ ಹೊಳೆಯಿತು? ತಮ್ಮದು ಎಂದು ಹೇಳಿಕೊಳ್ಳಲು ಬೇರೆ ಏನೂ ಇಲ್ಲದವರು ಆಡಿದ ಮಾತು ಅದು. ಹೊಲ ಗಂಡನದು, ಮನೆ ಮಾವನದು, ಒಡವೆ ಅತ್ತೆಯ ಪೆಟ್ಟಿಗೆಯಲ್ಲಿ. ಅಡವಿಡಲಾಗದ್ದು, ತೂಕ ಹಾಕಲಾಗದ್ದು, ಕಸಿಯಲಾಗದ್ದು ಹಚ್ಚೆ ಒಂದೇ.

ಹಾಗೆಂದು ಹಚ್ಚೆಯನ್ನು ಹೊಗಳುವುದಷ್ಟೇ ನನ್ನ ಉದ್ದೇಶವಲ್ಲ. ಅಜ್ಜಿಗೆ ಹಚ್ಚೆ ಹುಯ್ಯಿಸಿದಾಗ ಅವಳಿಗೆ ಒಂಬತ್ತು ವರ್ಷವಂತೆ. ಇಬ್ಬರು ಕೈಕಾಲು ಹಿಡಿದಿದ್ದರಂತೆ. "ಹಚ್ಚೆ ಇಲ್ದಿದ್ರೆ ಅತ್ತೆ ಮನೇಲಿ ಮೂದಲಿಸ್ತಾರೆ" ಎಂದು ಸಮಾಧಾನ ಮಾಡಿದ್ದರಂತೆ. ಅವಳನ್ನು ಯಾರೂ ಕೇಳಲಿಲ್ಲ. ಅಜ್ಜಿಗೆ ತನ್ನ ತೊಟ್ಟಿಲು ಪ್ರೀತಿಯದ್ದು. ಆ ದಿನದ ಅಳುವೂ ಅವಳಿಗೆ ನೆನಪಿತ್ತು. ಎರಡೂ ನಿಜ.

ಈಗ ನನ್ನ ಅಕ್ಕನ ವಿಷಯ ಹೇಳುತ್ತೇನೆ. ಇಷ್ಟು ವರ್ಷ ಇದನ್ನು ಬರೆದಿರಲಿಲ್ಲ. ಅವಳೇ "ಬರಿ" ಎಂದ ಮೇಲೆ ಬರೆಯುತ್ತಿದ್ದೇನೆ.

ಅಕ್ಕನ ಮದುವೆ 1988ರಲ್ಲಿ ಆಯಿತು. ಮಾತಿನಂತೆ ಐದು ತೊಲ ಚಿನ್ನ, ಒಂದು ಸೈಕಲ್ಲು, ಹತ್ತು ಸಾವಿರ ರೂಪಾಯಿ. ಮಾರನೆಯ ವರ್ಷ ಜಾತ್ರೆಯಲ್ಲಿ ಭಾವ ಅವಳ ಬಲತೋಳಿನ ಮೇಲೆ ತನ್ನ ಹೆಸರು ಹಚ್ಚೆ ಹಾಕಿಸಿದರು. ಅಕ್ಕ ಅದನ್ನು ಊರಿಗೆಲ್ಲ ತೋರಿಸಿದಳು. ಅವಳಿಗೆ ಸಂತೋಷವಾಗಿತ್ತು, ಅದನ್ನು ನಾನು ಸುಳ್ಳು ಎನ್ನಲಾರೆ. ಆದರೆ ಆ ಜಾತ್ರೆಯಲ್ಲಿ ಭಾವನ ತೋಳಿನ ಮೇಲೆ ಅಕ್ಕನ ಹೆಸರು ಬೀಳಲಿಲ್ಲ. ಬೀಳಬಹುದಿತ್ತು ಎಂದು ನಮಗ್ಯಾರಿಗೂ ಹೊಳೆಯಲೂ ಇಲ್ಲ. ಎಮ್ಮೆಗೆ ಮುದ್ರೆ ಹಾಕುವುದು ಒಡೆಯ ಗೊತ್ತಾಗಲಿ ಎಂದು. ಎಮ್ಮೆಯ ಹೆಸರನ್ನು ಒಡೆಯ ಬರೆಸಿಕೊಳ್ಳುತ್ತಾನೆಯೇ?

1991ರ ದೀಪಾವಳಿಗೆ ಅಕ್ಕ ಮಗುವನ್ನು ಎತ್ತಿಕೊಂಡು ಬಂದಳು. ಸೆರಗನ್ನು ಬಲತೋಳಿನ ಮೇಲೆ ಬಿಗಿಯಾಗಿ ಹೊದ್ದಿದ್ದಳು. ಎಣ್ಣೆಸ್ನಾನಕ್ಕೆ ಕೂತಾಗ ಅವ್ವ ಕಂಡಳು. ಹೆಸರಿನ ಕೊನೆಯ ಅಕ್ಷರ ಇರಲಿಲ್ಲ. ಆ ಜಾಗದಲ್ಲಿ ಕಾದ ಸೌಟಿನ ಗುರುತು ಕೆಂಪಗೆ ಕೀವುಗಟ್ಟಿತ್ತು. ಅಂಗಡಿ ಹಾಕಲು ಇನ್ನೂ ಹದಿನೈದು ಸಾವಿರ ತರಬೇಕಿತ್ತಂತೆ.

ಆಗ ನಾವು ಮಾಡಿದ್ದೇನು ಗೊತ್ತೆ? ಅಪ್ಪ ಬಿತ್ತನೆಗೆಂದು ಇಟ್ಟಿದ್ದ ದುಡ್ಡಿನಲ್ಲಿ ನಾಲ್ಕು ಸಾವಿರ ಎಣಿಸಿ ಕೊಟ್ಟರು. ಅವ್ವ ಉದ್ದ ತೋಳಿನ ಎರಡು ರವಿಕೆ ಹೊಲಿದು ಕೊಟ್ಟಳು, ಬಸ್ಸಿನಲ್ಲಿ ಯಾರಾದರೂ ನೋಡಿ ಕೇಳಿಯಾರು ಎಂದು. ಅವ್ವನಿಗೆ ಆಗಲೇ ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಿ ಕೊಟ್ಟವಳು ನಾನು. ಹೊಲಿಗೆ ಮುಗಿದ ಮಾರನೆಯ ದಿನ ಅಕ್ಕನನ್ನು ಬಸ್ಸು ಹತ್ತಿಸಿದೆವು.

ಹೆಂಡತಿಗೆ ಗಂಡನಾಗಲಿ ಅವನ ಮನೆಯವರಾಗಲಿ ಕ್ರೂರವಾಗಿ ನಡೆದುಕೊಳ್ಳುವುದು ಅಪರಾಧ ಎಂದು 498ಎ ಕಲಮು 1983ರಲ್ಲೇ ಬಂದಿತ್ತು. ನಮ್ಮ ಮನೆಗೆ ಆ ಸುದ್ದಿ ಬಂದಿರಲಿಲ್ಲ. ಬಂದಿದ್ದರೂ ನಾವು ಬಾಗಿಲು ಹಾಕಿಕೊಳ್ಳುತ್ತಿದ್ದೆವೇನೋ. ಅಕ್ಕ ಇನ್ನೂ ಎರಡು ವರ್ಷ ಅಲ್ಲಿ ಬಾಳಿದಳು. 1993ರಲ್ಲಿ ಒಂದು ರಾತ್ರಿ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ತಾನಾಗಿಯೇ ಬಂದಳು. "ಇನ್ನು ಕಳಿಸಿದರೆ ಹೆಣ ತರೋಕೆ ನೀವೇ ಬರಬೇಕಾಗುತ್ತೆ" ಎಂದಳು. ಆಮೇಲೆ ಕಳಿಸಲಿಲ್ಲ. ಅಕ್ಕ ಬದುಕಿದ್ದು ನಮ್ಮಿಂದಲ್ಲ, ಅವಳ ಕಾಲಿನಿಂದ.

ಗೆಳತಿಯರೇ, ಹೆಣ್ಣಿನ ಮೈಮೇಲೆ ಬರೆಯುವ ಅಧಿಕಾರ ತಮಗಿದೆ ಎಂದು ತಿಳಿದವರು ಗಂಡನ ಮನೆಯಲ್ಲಿ ಮಾತ್ರ ಇಲ್ಲ. ಅದೇ 1993ರ ಡಿಸೆಂಬರ್‌ನಲ್ಲಿ ಪಂಜಾಬಿನ ಅಮೃತಸರದಲ್ಲಿ ಪೊಲೀಸರು ನಾಲ್ವರು ಹೆಂಗಸರ ಹಣೆಯ ಮೇಲೆ ಜೇಬುಗಳ್ಳಿ ಎಂಬ ಅರ್ಥದ ಮಾತನ್ನು ಹಚ್ಚೆ ಹಾಕಿಸಿದರು. ವಿಚಾರಣೆ ಇಲ್ಲ, ತೀರ್ಪು ಇಲ್ಲ, ಶಿಕ್ಷೆ ಮಾತ್ರ ಹಣೆಯ ಮೇಲೆ. ತಪ್ಪಿತಸ್ಥ ಪೊಲೀಸರಿಗೆ ಸಿಬಿಐ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2016ರಲ್ಲಿ. ಸುಮಾರು ಇಪ್ಪತ್ತಮೂರು ವರ್ಷ ಆ ಹೆಂಗಸರು ನ್ಯಾಯಕ್ಕೆ ಕಾದರು.

ಅದೇ 2016ರಲ್ಲಿ ರಾಜಸ್ಥಾನದ ಒಬ್ಬ ಹೆಣ್ಣುಮಗಳು ಪೊಲೀಸರಿಗೆ ದೂರು ಕೊಟ್ಟಳು. ವರದಕ್ಷಿಣೆಯ 51,000 ರೂಪಾಯಿ ತರಲಿಲ್ಲವೆಂದು ಗಂಡನ ಮನೆಯವರು ತನ್ನ ಹಣೆಯ ಮೇಲೆ 'ನನ್ನಪ್ಪ ಕಳ್ಳ' ಎಂಬ ಅರ್ಥದ ಮಾತನ್ನು ಹಚ್ಚೆ ಹಾಕಿಸಿದರು ಎಂಬುದು ಅವಳ ದೂರು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಕೇಳಿದವರು ಕಳ್ಳರಲ್ಲ, ಕೊಡಲಾಗದವನು ಕಳ್ಳ! ಆ ಅಪ್ಪನ ಹೆಸರು ಕೆಡಿಸಲು ಮಗಳ ಹಣೆಯೇ ಗೋಡೆಯಾಗಬೇಕೆ?

ಈ ಸುದ್ದಿಗಳನ್ನು ಓದಿ ನಾವೆಲ್ಲ ಅಯ್ಯೋ ಎಂದೆವು. ಆದರೆ ಅಕ್ಷರವಿಲ್ಲದ ಬರಹವೂ ಇದೆಯಲ್ಲ! ಸೌಟಿನ ಗುರುತು, ಬೀಡಿಯ ಗುರುತು, ಬೆಲ್ಟಿನ ಬಾಸುಂಡೆ. ಅದೂ "ನೀನು ನನ್ನ ಸೊತ್ತು" ಎಂದು ಬರೆದಂತೆಯೇ. ಅದನ್ನು ಓದಲು ಮಾತ್ರ ನಮಗೆ ಬರುವುದಿಲ್ಲ, ಅಥವಾ ಬಂದರೂ ಓದುವುದಿಲ್ಲ. "ಒಲೆ ಸಿಡಿಯಿತು", "ಬಚ್ಚಲಲ್ಲಿ ಜಾರಿದೆ" ಎಂದು ಅವಳು ಹೇಳುತ್ತಾಳೆ, ನಾವು ಹೌದೇನೋ ಎನ್ನುತ್ತೇವೆ. ನಾವೇ ಉದ್ದ ತೋಳಿನ ರವಿಕೆ ಹೊಲಿದು ಕೊಡುತ್ತೇವೆ.

ಇನ್ನು ಒಡವೆಯ ಮಾತು. ಅಜ್ಜಿ ಹೇಳಿದಂತೆ ಹಚ್ಚೆ ಒಂದೇ ಹೆಣ್ಣಿನದು ಎನ್ನುವ ಕಾಲ ಕಾನೂನಿನ ಮಟ್ಟಿಗಾದರೂ ಮುಗಿದಿದೆ. ಮದುವೆಯಲ್ಲಿ, ಮದುವೆಗೆ ಮುಂಚೆ ಅಥವಾ ಆಮೇಲೆ ಹೆಣ್ಣಿಗೆಂದು ಕೊಟ್ಟ ಒಡವೆ, ಪಾತ್ರೆ, ಬಟ್ಟೆ, ಹಣ ಅವಳ ಸ್ತ್ರೀಧನ. ಅದನ್ನು ಗಂಡನಾಗಲಿ ಅತ್ತೆಯಾಗಲಿ ಇಟ್ಟುಕೊಂಡಿದ್ದರೆ ಅವಳ ಪರವಾಗಿ ಇಟ್ಟುಕೊಂಡಂತೆ ಅಷ್ಟೆ, ಕೇಳಿದಾಗ ಕೊಡದಿದ್ದರೆ ಅದು ನಂಬಿಕೆದ್ರೋಹದ ಅಪರಾಧ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಸ್ತ್ರೀಧನದ ಮೇಲೆ ಗಂಡನಿಗೆ ಹಕ್ಕಿಲ್ಲ ಎಂದು 2024ರಲ್ಲಿ ಮತ್ತೆ ಹೇಳಿದೆ. ವರದಕ್ಷಿಣೆಯೆಂದು ಬೇರೆಯವರ ಕೈ ಸೇರಿದ್ದನ್ನೂ ಮೂರು ತಿಂಗಳೊಳಗೆ ಹೆಣ್ಣಿಗೆ ಒಪ್ಪಿಸಬೇಕು ಎಂದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಮು ಹೇಳುತ್ತದೆ. ಮೈಮೇಲಿನ ಹಚ್ಚೆ ಎಷ್ಟು ನಿಮ್ಮದೋ ಕೊರಳಿನ ಸರವೂ ಅಷ್ಟೇ ನಿಮ್ಮದು.

ಅಕ್ಕನ ಕಾಲದಲ್ಲಿ ಇಲ್ಲದ ಇನ್ನೊಂದು ಕಾನೂನು ಈಗ ಇದೆ. 2005ರಲ್ಲಿ ಆದ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಇದರ ಕೆಳಗೆ ಗಂಡನ ಮನೆಯಲ್ಲೇ ಉಳಿಯುವ ಹಕ್ಕು, ರಕ್ಷಣೆಯ ಆದೇಶ, ಸ್ತ್ರೀಧನ ಹಿಂದಿರುಗಿಸುವ ಆದೇಶ, ಖರ್ಚಿಗೆ ಹಣ ಎಲ್ಲವನ್ನೂ ಮ್ಯಾಜಿಸ್ಟ್ರೇಟರ ಹತ್ತಿರ ಕೇಳಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಹಿಂಸೆಗೆ ಒಳಗಾದವಳೇ ಹೋಗಬೇಕೆಂದಿಲ್ಲ, ಅವಳ ಪರವಾಗಿ ನಾವೂ ತಿಳಿಸಬಹುದು. 498ಎ ಈಗ ಆ ಹೆಸರಿನಲ್ಲಿ ಇಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 85 ಮತ್ತು 86ನೇ ಕಲಮು. ವರದಕ್ಷಿಣೆ ಸಾವು 80ನೇ ಕಲಮು. ಸಂಖ್ಯೆ ಬದಲಾಗಿದೆ, ಅಪರಾಧ ಅಪರಾಧವಾಗಿಯೇ ಇದೆ. ಠಾಣೆಯಲ್ಲಿ ಯಾರಾದರೂ "ಆ ಕಲಮು ತೆಗೆದುಬಿಟ್ಟರು" ಎಂದರೆ ನಂಬಬೇಡಿ.

ನಮ್ಮ ಸಂಘಗಳು ಮಾಡಬಹುದಾದ ಕೆಲಸ ಇದೆ. ವಾರದ ಸಭೆಯಲ್ಲಿ ಉಳಿತಾಯ ಎಣಿಸುತ್ತೇವೆ, ಸಾಲದ ಕಂತು ಬರೆದುಕೊಳ್ಳುತ್ತೇವೆ. ಕಂತು ತಪ್ಪಿದರೆ ತಕ್ಷಣ ಕೇಳುತ್ತೇವೆ. ಬೇಸಿಗೆಯಲ್ಲಿ ಉದ್ದ ತೋಳಿನ ರವಿಕೆ ಹಾಕಿ ಬಂದವಳನ್ನು ಏಕೆ ಕೇಳುವುದಿಲ್ಲ? ಎಲ್ಲರೆದುರು ಬೇಡ. ಸಭೆ ಮುಗಿದ ಮೇಲೆ, ಬೋರ್‌ವೆಲ್ ಹತ್ತಿರ, ಒಬ್ಬಳೇ ಸಿಕ್ಕಾಗ ಕೇಳಿ. ಅವಳು ಮೊದಲ ಸಲ ಸುಳ್ಳು ಹೇಳಬಹುದು, ಮೂರನೆಯ ಸಲ ಹೇಳಲಾರಳು. ಗಾಯವಾಗಿದ್ದರೆ ಸರಕಾರಿ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಗಾಯ ಹೇಗಾಯಿತು ಎಂಬ ನಿಜವನ್ನೇ ವೈದ್ಯರು ಬರೆದುಕೊಳ್ಳಲಿ. ಆ ಒಂದು ಚೀಟಿ ನಾಳೆ ಸಾಕ್ಷಿ. ಮದುವೆಯಲ್ಲಿ ಕೊಟ್ಟದ್ದರ ಪಟ್ಟಿ ಮಾಡಿ, ಎರಡು ಕಡೆಯವರ ಸಹಿ ಹಾಕಿಸಿ ಇಟ್ಟುಕೊಳ್ಳಿ. ರಾತ್ರಿ ಹೊತ್ತು ಅಪಾಯವೆನಿಸಿದರೆ 181ಕ್ಕೆ ಅಥವಾ 112ಕ್ಕೆ ಫೋನು ಮಾಡಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂದೆ ಸರಿಯಬೇಡಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ.

ಎಲ್ಲಕ್ಕಿಂತ ಮುಖ್ಯವಾದದ್ದು ತವರಿನ ಬಾಗಿಲು. ನಾವೆಲ್ಲ ಒಬ್ಬರಲ್ಲ ಒಬ್ಬರಿಗೆ ತವರಿನವರೇ. ಮಗಳು ಗಾಯ ತೋರಿಸಿದಾಗ ಗಾಯ ಮುಚ್ಚುವ ಬಟ್ಟೆ ಕೊಡಬೇಡಿ. ಇಷ್ಟು ಹೇಳುವುದಕ್ಕೆ ನನಗೆ ಮೂವತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಅಕ್ಕ ಈಗ ನಮ್ಮ ಸಂಘದ ಪ್ರತಿನಿಧಿ. ತೋಳಿನ ಮೇಲೆ ಕೊನೆಯ ಅಕ್ಷರವಿಲ್ಲದ ಆ ಹೆಸರು ಇನ್ನೂ ಇದೆ. ಪಟ್ಟಣದಲ್ಲಿ ಲೇಸರಿನಿಂದ ತೆಗೆಯುತ್ತಾರಂತೆ, ತೆಗೆಸಿಬಿಡು ಎಂದು ಒಮ್ಮೆ ನಾನೇ ಹೇಳಿದೆ. "ಹೆಸರು ಅವನದಾದರೇನು, ತೋಳು ನನ್ನದು. ಇದನ್ನು ನೋಡಿ ನಾಲ್ಕು ಹುಡುಗಿಯರು ಮದುವೆಗೆ ಮುಂಚೆ ಯೋಚನೆ ಮಾಡಲಿ, ಇರಲಿ ಬಿಡು" ಎಂದಳು. ಈಗ ಅವಳು ಗಿಡ್ಡ ತೋಳಿನ ರವಿಕೆಯನ್ನೇ ಹಾಕುತ್ತಾಳೆ.

ಅವಳ ಮಗಳು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸದಲ್ಲಿದ್ದಾಳೆ. ಕಳೆದ ಹಬ್ಬಕ್ಕೆ ಬಂದಾಗ ಮಣಿಕಟ್ಟು ತೋರಿಸಿದಳು. ಅಜ್ಜಿಯ ತೊಟ್ಟಿಲಿನಂಥದೇ ಒಂದು ಪುಟ್ಟ ತೊಟ್ಟಿಲು, ಅದರ ಕೆಳಗೆ ಅಕ್ಕನ ಹೆಸರು. ಹೊಸ ಸೂಜಿಯ ಪೊಟ್ಟಣವನ್ನು ತನ್ನ ಕಣ್ಣೆದುರೇ ಬಿಚ್ಚಬೇಕು ಎಂದು ಅಂಗಡಿಯವನಿಗೆ ಹೇಳಿದಳಂತೆ. ಒಳ್ಳೆಯದು ಮಾಡಿದಳು. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಕಾಮಾಲೆ, ಎಚ್‌ಐವಿ ಹರಡಬಹುದು.

"ಹಸಿರು ಬಣ್ಣದಲ್ಲೇ ಹಾಕು ಅಂದೆ ಚಿಕ್ಕಮ್ಮ, ಅವನ ಹತ್ತಿರ ಕಪ್ಪು ಮಾತ್ರ ಇತ್ತು" ಎಂದು ಬೇಜಾರು ಮಾಡಿಕೊಂಡಳು.

"ನೋವಾಯಿತೇನೇ?" ಎಂದು ಕೇಳಿದೆ.

"ಆಯಿತು. ಆದರೆ ನನ್ನ ಕೈಯನ್ನು ಯಾರೂ ಹಿಡಿದುಕೊಂಡಿರಲಿಲ್ಲವಲ್ಲ" ಎಂದಳು.