ಭೂಗೋಳ ನಮ್ಮೂರಿನಿಂದಲೇ ಶುರುವಾಗಲಿ

ಮಕ್ಕಳೇ,

ಪ್ಯಾರಿಸ್ ಯಾವ ದೇಶದ ರಾಜಧಾನಿ? ಕೇಳಿದ ಕೂಡಲೇ ನೀವು ‘ಫ್ರಾನ್ಸ್’ ಎನ್ನುತ್ತೀರಿ. ನೈಲ್ ನದಿ ಯಾವ ಖಂಡದಲ್ಲಿದೆ? ಅದಕ್ಕೂ ಉತ್ತರ ಸಿದ್ಧವಾಗಿರುತ್ತದೆ. ಈಗ ಬೇರೆ ಪ್ರಶ್ನೆಗಳನ್ನು ನೋಡೋಣ. ನಿಮ್ಮ ಶಾಲೆಯ ಮಾಳಿಗೆಯ ಮೇಲೆ ಬಿದ್ದ ಮಳೆನೀರು ಕೊನೆಗೆ ಯಾವ ಸಮುದ್ರ ಸೇರುತ್ತದೆ? ನೀವು ಕುಳಿತಿರುವ ಹಾಸುಗಲ್ಲು ಎಲ್ಲಿಂದ ಬಂತು? ಅದರ ವಯಸ್ಸೆಷ್ಟು? ಇಲ್ಲಿಗೆ ಬಂದಾಗ ತರಗತಿ ಸುಮ್ಮನಾಗುತ್ತದೆ.

ದೂರದ ಊರು, ದೇಶಗಳ ಬಗ್ಗೆ ತಿಳಿಯುವುದು ಬಹಳ ಒಳ್ಳೆಯದು. ಆದರೆ ಭೂಗೋಳದ ಪಾಠ ದೂರದಿಂದ ಶುರುವಾಗಬಾರದು, ನಮ್ಮ ಕಾಲ ಕೆಳಗಿನ ನೆಲದಿಂದ ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ. ಚಿಂಚೋಳಿ ತಾಲ್ಲೂಕಿನ ಸುಲೇಪೇಟದಲ್ಲಿ ಓದುವ ಹುಡುಗಿಯೊಬ್ಬಳು ತನ್ನೂರನ್ನು ಸರಿಯಾಗಿ ನೋಡಿದರೆ ಇಡೀ ಪ್ರಪಂಚವನ್ನು ಅರ್ಥ ಮಾಡಿಕೊಳ್ಳಬಲ್ಲಳು. ಅದು ಹೇಗೆ ಎಂದು ನೋಡೋಣ.

ಹಾಸುಗಲ್ಲು ಹೇಳುವ ಕಥೆ

ನಮ್ಮ ಭಾಗದ ಮನೆ, ಗುಡಿ, ಶಾಲೆ ಎಲ್ಲೆಲ್ಲೂ ಫರ್ಶಿ ಕಲ್ಲು ಹಾಸಿರುತ್ತಾರೆ. ಹೊರ ಊರಿನವರು ಇದನ್ನು ‘ಶಹಾಬಾದ್ ಕಲ್ಲು’ ಎಂದೇ ಕರೆಯುತ್ತಾರೆ. ಒಂದು ಊರಿನ ಹೆಸರೇ ಕಲ್ಲಿನ ಹೆಸರಾಗುವುದು ಸಣ್ಣ ಮಾತೇ?

ಇದು ಸುಣ್ಣದ ಕಲ್ಲು. ಬಹಳ ಹಿಂದೆ ಈ ಸೀಮೆಯಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ನೀರಿನಲ್ಲಿ ಕರಗಿದ್ದ ಸುಣ್ಣದ ಅಂಶ ನುಣ್ಣನೆಯ ಕೆಸರಾಗಿ ತಳಕ್ಕೆ ಇಳಿಯಿತು. ಪದರದ ಮೇಲೆ ಪದರ ಕೂತು, ಒತ್ತಡಕ್ಕೆ ಸಿಕ್ಕಿ ಕಲ್ಲಾಯಿತು. ಪದರಗಳಿಂದ ಆದದ್ದರಿಂದಲೇ ಉಳಿ, ಸುತ್ತಿಗೆಗೆ ಅದು ಹಲಗೆಯಂತೆ ಬಿಡಿಸಿಕೊಂಡು ಬರುತ್ತದೆ. ಭೂವಿಜ್ಞಾನಿಗಳು ಈ ಕಲ್ಲಿನ ಸೀಮೆಯನ್ನು ‘ಭೀಮಾ ಜಲಾನಯನ’ ಎಂದು ಹೆಸರಿಸಿದ್ದಾರೆ. ಈ ಕಲ್ಲಿಗೆ 54 ಕೋಟಿ ವರ್ಷಗಳಿಗಿಂತ ಹೆಚ್ಚು ವಯಸ್ಸಾಗಿದೆ. ಆಗ ಡೈನೋಸಾರ್‌ಗಳಿರಲಿ, ಮೀನುಗಳೂ ಹುಟ್ಟಿರಲಿಲ್ಲ.

ಈಗ ಜರ್ಮನಿಗೆ ಹೋಗೋಣ. ಅಲ್ಲಿ ಸೋಲ್ನ್‌ಹೋಫನ್ ಎಂಬ ಸಣ್ಣ ಊರಿದೆ. ಅಲ್ಲಿಯೂ ಹಾಸುಗಲ್ಲಿನ ಗಣಿಗಳಿವೆ. ಅದೂ ಸಮುದ್ರದ ತಳದಲ್ಲಿ ಪದರ ಪದರವಾಗಿ ಆದ ಸುಣ್ಣದ ಕಲ್ಲೇ. 1796ರಲ್ಲಿ ಅಲೋಯಿಸ್ ಸೆನೆಫೆಲ್ಡರ್ ಎಂಬಾತ ಕಲ್ಲಚ್ಚಿನ ಮುದ್ರಣವನ್ನು ಕಂಡುಹಿಡಿದ. ಆ ಮುದ್ರಣಕ್ಕೆ ಜಗತ್ತಿನಲ್ಲೇ ಹೆಸರಾದದ್ದು ಸೋಲ್ನ್‌ಹೋಫನ್ ಕಲ್ಲು. 1861ರಲ್ಲಿ ಅದೇ ಕಲ್ಲಿನ ಪದರಗಳ ನಡುವೆ ಗರಿಯುಳ್ಳ ಪ್ರಾಣಿಯೊಂದರ ಪಳೆಯುಳಿಕೆ ಸಿಕ್ಕಿತು. ಅದೇ ಆರ್ಕಿಯೋಪ್ಟೆರಿಕ್ಸ್. ಸರೀಸೃಪಗಳಿಗೂ ಹಕ್ಕಿಗಳಿಗೂ ಇರುವ ನಂಟನ್ನು ಅದು ತೋರಿಸಿತು.

ನಮ್ಮ ಫರ್ಶಿ ಕಲ್ಲಿನಲ್ಲಿ ಅಂಥ ಎಲುಬಿನ ಗುರುತು ಏಕೆ ಸಿಗುವುದಿಲ್ಲ? ಸೋಲ್ನ್‌ಹೋಫನ್ ಕಲ್ಲಿನ ವಯಸ್ಸು ಸುಮಾರು 15 ಕೋಟಿ ವರ್ಷ. ನಮ್ಮದು ಅದಕ್ಕಿಂತ ಬಹಳ ಹಳೆಯದು. ಇದು ಆದ ಕಾಲದಲ್ಲಿ ಎಲುಬಿನ ಪ್ರಾಣಿಗಳೇ ಇರಲಿಲ್ಲ! ನೋಡಿ, ಎರಡು ಊರುಗಳನ್ನು ಪಕ್ಕಪಕ್ಕ ಇಟ್ಟಾಗ ಭೂಮಿಯ ಮೇಲಿನ ಜೀವದ ಚರಿತ್ರೆಯೇ ತಿಳಿಯುತ್ತದೆ. ಸೋಲ್ನ್‌ಹೋಫನ್ ಹೆಸರನ್ನು ಬಾಯಿಪಾಠ ಮಾಡಿದರೆ ಇದು ತಿಳಿಯುತ್ತಿತ್ತೇ?

ಚಿಂಚೋಳಿಯ ಉತ್ತರಕ್ಕೆ ನಡೆದರೆ ಕಲ್ಲು ಬದಲಾಗುತ್ತದೆ. ಕಪ್ಪು ಕಲ್ಲು, ಕೆಂಪು ಜಂಬಿಟ್ಟಿಗೆ ಕಾಣಿಸುತ್ತವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ನೆಲ ಬಿರಿದು ಲಾವಾರಸ ಹರಿಯಿತು. ಅದು ಆರಿ ಕಪ್ಪು ಕಲ್ಲಾಯಿತು. ಆ ಕಲ್ಲು ಸವೆದು ಎರೆಮಣ್ಣಾಯಿತು. ನಮ್ಮ ತೊಗರಿ, ಜೋಳ ಬೆಳೆಯುವುದು ಆ ಮಣ್ಣಿನಲ್ಲಿ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಈ ನೆಲದ ಗುಣವೇ ಬೇಳೆಯ ರುಚಿಗೆ ಕಾರಣ ಎಂದು ಒಪ್ಪಿದಂತಾಯಿತು.

ನೀರಿನ ದಾರಿ

ಸುಲೇಪೇಟದ ಮಳೆನೀರು ಹಳ್ಳಗಳ ಮೂಲಕ ಕಾಗಿಣಾ ನದಿಗೆ ಹೋಗುತ್ತದೆ. ಕಾಗಿಣಾ ಶಹಾಬಾದ್ ಬಳಿ ಭೀಮಾ ನದಿಯನ್ನು ಸೇರುತ್ತದೆ. ಭೀಮಾ ಕೃಷ್ಣೆಯನ್ನು, ಕೃಷ್ಣೆ ಬಂಗಾಳ ಕೊಲ್ಲಿಯನ್ನು ಸೇರುತ್ತವೆ. ಇಲ್ಲೊಂದು ಸೋಜಿಗವಿದೆ. ಭೀಮಾ ನದಿ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ, ಸಹ್ಯಾದ್ರಿಯ ಮೇಲೆ. ಅಲ್ಲಿಗೆ ಅರಬ್ಬೀ ಸಮುದ್ರ ಹತ್ತಿರ. ಆದರೂ ಅದು ಪೂರ್ವಕ್ಕೆ ತಿರುಗಿ ನೂರಾರು ಕಿಲೋಮೀಟರ್ ಹರಿಯುತ್ತದೆ. ಏಕೆಂದರೆ ದಖ್ಖನ್ ಪ್ರಸ್ಥಭೂಮಿ ಪಶ್ಚಿಮದಲ್ಲಿ ಎತ್ತರ, ಪೂರ್ವಕ್ಕೆ ಇಳಿಜಾರು. ಈ ವಾಕ್ಯ ನಿಮ್ಮ ಪುಸ್ತಕದಲ್ಲಿದೆ. ಮಳೆಗಾಲದಲ್ಲಿ ಹಳ್ಳದ ದಂಡೆಯಲ್ಲಿ ನಿಂತು ನೀರು ಯಾವ ದಿಕ್ಕಿಗೆ ಹೋಗುತ್ತದೆ ಎಂದು ನೋಡಿದವರಿಗೆ ಆ ವಾಕ್ಯ ಮರೆತುಹೋಗುವುದಿಲ್ಲ.

ಪ್ರಪಂಚ ಇಲ್ಲಿಗೂ ಬಂದಿತ್ತು

ಕಾಗಿಣಾ ದಂಡೆಯ ಮೇಲೆ ಸೇಡಂ ತಾಲ್ಲೂಕಿನ ಮಳಖೇಡವಿದೆ. ಅದೇ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 851ರಲ್ಲಿ ಅರಬ್ ವ್ಯಾಪಾರಿ ಸುಲೇಮಾನ್ ಹೆಸರಿನ ಬರಹದಲ್ಲಿ ಜಗತ್ತಿನ ನಾಲ್ವರು ದೊಡ್ಡ ಅರಸರ ಮಾತು ಬರುತ್ತದೆ. ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ದೊರೆ ಮತ್ತು ‘ಬಲ್ಹರಾ’. ಈ ಬಲ್ಹರಾ ಎಂದರೆ ರಾಷ್ಟ್ರಕೂಟ ಅರಸ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಆಗ ಇಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 11ನೆಯ ಶತಮಾನದಲ್ಲಿ ದೊಡ್ಡ ವಿದ್ಯಾಕೇಂದ್ರವಿತ್ತು. ಅದೇ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ. ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ಅಶೋಕನ ಹೆಸರು ಬರೆದಿರುವ ಶಿಲ್ಪವಿದೆ.

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಮಾರ್ಗ ತೆರೆಯಿತು. ವಾಡಿ ಜಂಕ್ಷನ್ ಆಯಿತು. ಸುಣ್ಣದ ಕಲ್ಲು ಇದ್ದ ಕಡೆ, ರೈಲು ಇದ್ದ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದವು. ಸುಣ್ಣದ ಕಲ್ಲನ್ನು ಜೇಡಿಮಣ್ಣಿನಂಥ ವಸ್ತುಗಳ ಜೊತೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟು ಸಿಮೆಂಟ್ ತಯಾರಿಸುತ್ತಾರೆ. ನಮ್ಮ ಹಳೆಯ ಸಮುದ್ರದ ಕೆಸರು ಇಂದು ದೂರದ ನಗರಗಳ ಕಟ್ಟಡಗಳಾಗಿ ನಿಂತಿದೆ. ಸುಡುವಾಗ ಕಲ್ಲಿನಲ್ಲಿದ್ದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಭೂಮಿ ಬಿಸಿಯಾಗಲು ಇದೂ ಒಂದು ಕಾರಣ. ಹೀಗೆ ವಾಡಿಯ ಕಲ್ಲಿಗೂ ಧ್ರುವ ಪ್ರದೇಶದ ಹಿಮಕ್ಕೂ ಸಂಬಂಧವಿದೆ.

ಒಂದೇ ಅಕ್ಷಾಂಶದ ನೆರೆಯವರು

ಸುಲೇಪೇಟ 17 ಡಿಗ್ರಿ ಉತ್ತರ ಅಕ್ಷಾಂಶದಿಂದ ತುಸು ಮೇಲಿದೆ. ಭೂಪಟದಲ್ಲಿ ಆ ಗೆರೆಯ ಮೇಲೆ ಬೆರಳಿಟ್ಟು ಪಶ್ಚಿಮಕ್ಕೆ ಸರಿಸಿ. ಓಮಾನ್ ದೇಶದ ಸಲಾಲ ಸಿಗುತ್ತದೆ. ಮುಂದೆ ಆಫ್ರಿಕಾದ ಸಹಾರಾ ಮರುಭೂಮಿಯ ಅಂಚಿನಲ್ಲಿ ಟಿಂಬಕ್ಟು, ಅಟ್ಲಾಂಟಿಕ್ ದಾಟಿದರೆ ಮೆಕ್ಸಿಕೋದ ಅಕಾಪುಲ್ಕೋ. ಪೂರ್ವಕ್ಕೆ ಸರಿಸಿದರೆ ಮ್ಯಾನ್ಮಾರ್ ದೇಶದ ಯಾಂಗೂನ್ ಹತ್ತಿರದಲ್ಲೇ ಇರುತ್ತದೆ. ಇವೆಲ್ಲ ಬಿಸಿಲಿನಲ್ಲಿ ನಮ್ಮ ನೆರೆಯವರು. ಆದರೆ ಯಾಂಗೂನಿನಲ್ಲಿ ವರ್ಷಕ್ಕೆ 2,500 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಜಿಲ್ಲೆಯಲ್ಲಿ ಸುಮಾರು 750. ಟಿಂಬಕ್ಟುವಿನಲ್ಲಿ 200ರ ಆಸುಪಾಸು. ಸೂರ್ಯ ಒಂದೇ, ಗಾಳಿ, ಬೆಟ್ಟ, ಸಮುದ್ರಗಳು ಬೇರೆ. ಅದಕ್ಕೇ ಅಲ್ಲಿ ಭತ್ತ, ಇಲ್ಲಿ ತೊಗರಿ, ಅತ್ತ ಮರಳು.

ವರ್ಷಕ್ಕೆ ಎರಡು ಸಲ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ, ಮೇ ಎರಡನೆಯ ವಾರದ ಹೊತ್ತಿಗೆ ಮತ್ತು ಆಗಸ್ಟ್ ಮೊದಲ ವಾರದಲ್ಲಿ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ಮಧ್ಯಾಹ್ನ ನೆರಳೇ ಇರುವುದಿಲ್ಲ. ಲಂಡನ್ನಿನ ಮಕ್ಕಳು ತಮ್ಮೂರಲ್ಲಿ ಇದನ್ನು ಎಂದಿಗೂ ಕಾಣಲಾರರು!

ಯಾರಾದರೂ ಕೇಳಬಹುದು

‘ಪರೀಕ್ಷೆಯಲ್ಲಿ ಸುಲೇಪೇಟದ ಬಗ್ಗೆ ಕೇಳುವುದಿಲ್ಲವಲ್ಲ?’ ಎಂದು ಕೆಲವರು ಹೇಳಬಹುದು. ನಿಜ. ಆದರೆ ಅಕ್ಷಾಂಶ, ಇಳಿಜಾರು, ಶಿಲೆ, ಮಳೆ ಎಂಬ ಪಾಠಗಳನ್ನು ಕೇಳುತ್ತಾರೆ. ಅವನ್ನು ಕಣ್ಣಾರೆ ಕಂಡು ಕಲಿತವರು ಚೆನ್ನಾಗಿ ಬರೆಯುತ್ತಾರೆ. ರಾಜಧಾನಿಗಳ ಪಟ್ಟಿಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಪಟ್ಟಿಗಿಂತ ಮೊದಲು ಕಣ್ಣು ತೆರೆಯಿರಿ ಎನ್ನುತ್ತೇನೆ.

ಇನ್ನೊಂದು ಮಾತು. ನಮ್ಮ ಭಾಗವನ್ನು ‘ಹಿಂದುಳಿದ ಪ್ರದೇಶ’ ಎಂದು ಕರೆಯುವುದನ್ನು ನೀವು ಕೇಳಿದ್ದೀರಿ. ಶಾಲೆ, ಆಸ್ಪತ್ರೆ, ಉದ್ಯೋಗ ಕಡಿಮೆ ಇವೆ ಎಂಬುದು ಅದರ ಅರ್ಥ. ಅದು ಸರಿಯಾಗಬೇಕು. ಆದರೆ ಈ ನೆಲದಲ್ಲಿ ನೋಡಲು ಏನೂ ಇಲ್ಲ ಎಂಬ ಅರ್ಥ ಅದಕ್ಕಿಲ್ಲ. ಹಾಗೆ ನಂಬಿ ಬೆಳೆದ ಮಗು ತನ್ನೂರಿನ ಕೆರೆ ಒಣಗಿದರೂ, ಗಣಿಯ ಹೊಂಡ ಹಾಗೇ ಬಾಯಿ ತೆರೆದು ಬಿದ್ದಿದ್ದರೂ ಪ್ರಶ್ನೆ ಕೇಳುವುದಿಲ್ಲ. ತಿಳಿಯದ ನೆಲವನ್ನು ಯಾರೂ ಕಾಪಾಡುವುದಿಲ್ಲ. ಚಿಂಚೋಳಿಯ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಿದರು. ಅದು ನಾಳೆಯೂ ಉಳಿಯಬೇಕಾದರೆ ಅಲ್ಲಿನ ಮರಗಳ ಹೆಸರು ಬಲ್ಲ ಮಕ್ಕಳು ಬೇಕು.

ನಮ್ಮ ತಾಂಡಾ, ಹಳ್ಳಿಗಳಿಂದ ಎಷ್ಟೋ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುತ್ತವೆ. ಗುಳೆ ಹೋಗಿ ಬಂದ ಮಗುವನ್ನು ‘ಪಾಠದಲ್ಲಿ ಹಿಂದೆ’ ಎಂದು ಕೂರಿಸುತ್ತೇವೆ. ಆದರೆ ಆ ಮಗು ರೈಲಿನ ದಾರಿ ಬಲ್ಲದು, ಕಡಲು ಕಂಡಿದೆ, ಬೇರೆ ಭಾಷೆ ಕೇಳಿದೆ. ಭೂಗೋಳದ ತರಗತಿಯಲ್ಲಿ ಅದು ಮುಂದೆ ನಿಂತು ಮಾತಾಡಲಿ. ಅದು ನೋಡಿ ಬಂದದ್ದನ್ನು ಉಳಿದವರು ಭೂಪಟದಲ್ಲಿ ಗುರುತಿಸಲಿ. ಗುಳೆ ಹೋಗದೆ ಶಾಲೆಯಲ್ಲೇ ಉಳಿಯುವ ದಿನ ಆ ಮಗುವಿಗೆ ಬರಲೇಬೇಕು. ಅಲ್ಲಿಯವರೆಗೂ ಅದರ ಅನುಭವವನ್ನು ನಾವು ಕಡೆಗಣಿಸಬಾರದು.

ನೀವು ಮಾಡಬಹುದಾದದ್ದು

ಒಂದು ನೋಟ್‌ಬುಕ್‌ಗೆ ‘ನಮ್ಮೂರ ಭೂಗೋಳ’ ಎಂದು ಹೆಸರಿಡಿ. ಶಾಲೆಯಿಂದ ಹಳ್ಳದವರೆಗೆ ದಿಕ್ಕು ಗುರುತಿಸಿ ನಕ್ಷೆ ಬರೆಯಿರಿ. ದಾರಿಯಲ್ಲಿ ಸಿಕ್ಕ ಕಲ್ಲುಗಳನ್ನು ಕೂಡಿಸಿ. ಕಲ್ಲಿನ ಪುಡಿಯ ಮೇಲೆ ನಿಂಬೆರಸ ಹಿಂಡಿ. ಸಣ್ಣ ಗುಳ್ಳೆಗಳು ಎದ್ದರೆ ಅದು ಸುಣ್ಣದ ಕಲ್ಲು. ಕಪ್ಪು ಕಲ್ಲಿನ ಪುಡಿಯಲ್ಲಿ ಹಾಗೆ ಏಳುವುದಿಲ್ಲ. ಆಗಸ್ಟ್ ಮೊದಲ ವಾರ ಮೋಡವಿಲ್ಲದ ದಿನ ಕೋಲಿನ ನೆರಳು ಅಳೆಯಿರಿ. ನೀರು ತುಂಬಿದ ಗಣಿ ಹೊಂಡದ ಹತ್ತಿರ ಮಾತ್ರ ಹೋಗಬೇಡಿ.

ಕೊನೆಯ ಪುಟದಲ್ಲಿ, ನಿಮ್ಮೂರನ್ನು ನೋಡದ ಟಿಂಬಕ್ಟುವಿನ ಅಥವಾ ಸೋಲ್ನ್‌ಹೋಫನ್‌ನ ಹುಡುಗನೊಬ್ಬನಿಗೆ ನಿಮ್ಮೂರನ್ನು ಪರಿಚಯಿಸಿ ಒಂದು ಪತ್ರ ಬರೆಯಿರಿ. ಅವನಿಗೆ ನೀವು ಏನೇನು ಹೇಳುವಿರಿ? ಬರೆದ ಮೇಲೆ ಗುರುಗಳಿಗೂ ಮನೆಯವರಿಗೂ ಓದಿ ಹೇಳಿ.